ಸುವಾರ್ತಾ ಗಾಯನ ತಂಡ ದೊಡ್ಡದಾಗುವುದು ಮುಂದಿನ ದನಿಯಿಂದಲೋ, ಹಿಂದಿನ ದನಿಗಳಿಂದಲೋ?

ತಾರಷಡ್ಜ (ಚರ್ಚೆ ಆರಂಭಿಸಿದವರು):

ಆಫ್ರಿಕನ್ ಅಮೆರಿಕನ್ನರ ಸುವಾರ್ತಾ ಸಂಗೀತವನ್ನು, ಅಂದರೆ ಗಾಸ್ಪೆಲ್ ಎಂಬ ಕ್ರೈಸ್ತ ಭಕ್ತಿಸಂಗೀತವನ್ನು, ಅದರಲ್ಲೂ ಎರಡನೆಯ ಮಹಾಯುದ್ಧ ಮುಗಿದಂದಿನಿಂದ 1960ರ ಆಸುಪಾಸಿನವರೆಗಿನ ಕ್ವಾರ್ಟೆಟ್ ತಂಡಗಳನ್ನು, ನಾನು ಹನ್ನೆರಡು ವರ್ಷಗಳಿಂದ ಬಿಡದೆ ಕೇಳುತ್ತಾ ಬಂದಿದ್ದೇನೆ. ಈ ಸಂಗೀತದ ರುಚಿ ಹತ್ತಿಸಿದ ಗೆಳೆಯನಿಗೂ ನನಗೂ ನಡುವೆ ಇನ್ನೂ ಬಗೆಹರಿಯದ ಒಂದು ವಾದವಿದೆ. ಸ್ಯಾಮ್ ಕುಕ್ ಹಾಡುತ್ತಿದ್ದ ಕಾಲದ ಸೋಲ್ ಸ್ಟಿರರ್ಸ್ ತಂಡಕ್ಕೆ ಸಾಟಿಯೇ ಇಲ್ಲ ಎಂದು ಅವನು ಹೇಳುತ್ತಾನೆ. ಕುಕ್ ಅವರ ದನಿ ಚೆಲುವಾದದ್ದು ಎಂಬುದನ್ನು ಒಪ್ಪುತ್ತೇನೆ, ಆದರೆ ಆ ದನಿ ನನ್ನನ್ನು ಅಲುಗಾಡಿಸುವುದಿಲ್ಲ. ನನ್ನ ಮಟ್ಟಿಗೆ ಸ್ವಾನ್ ಸಿಲ್ವರ್‌ಟೋನ್ಸ್ ಎಲ್ಲರಿಗಿಂತ ಮೇಲು, ಅದಕ್ಕೆ ಕಾರಣ ಕ್ಲಾಡ್ ಜೀಟರ್.

ಜೀಟರ್ ವೆಸ್ಟ್ ವರ್ಜೀನಿಯಾದ ಕೋಲ್‌ವುಡ್ ಎಂಬ ಊರಿನ ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದವರು. 1938ರಲ್ಲಿ ಅಲ್ಲಿಯೇ ತಂಡ ಕಟ್ಟಿದರು. ಮುಂದೆ ಟೆನೆಸಿಯ ನಾಕ್ಸ್‌ವಿಲ್‌ನಲ್ಲಿ ಅವರ ರೇಡಿಯೊ ಕಾರ್ಯಕ್ರಮದ ಖರ್ಚು ವಹಿಸಿಕೊಂಡ ಬೇಕರಿಯ ಹೆಸರಾದ ಸ್ವಾನ್ ತಂಡಕ್ಕೆ ಅಂಟಿಕೊಂಡಿತು. ಮಾತಿನಷ್ಟು ಸಹಜವಾಗಿ ಹಾಡುತ್ತಿದ್ದವರು ಒಮ್ಮೆಲೇ ಫಾಲ್ಸೆಟೊಗೆ, ಅಂದರೆ ನಮ್ಮ ಸಂಗೀತದವರು ಕಳ್ಳದನಿ ಎನ್ನುವ ಆ ಎತ್ತರಕ್ಕೆ ಜಾರಿಕೊಂಡು, ಅಲ್ಲಿ ಒಂದು ಸ್ವರವನ್ನು ನೂಲಿನಂತೆ ಎಳೆದು, ಏನೂ ನಡೆದಿಲ್ಲವೆಂಬಂತೆ ಕೆಳಗಿಳಿಯುತ್ತಾರೆ. ಆ ಕ್ಷಣಕ್ಕೆ ನನ್ನ ತೋಳಿನ ಕೂದಲು ಇಂದಿಗೂ ನಿಮಿರುತ್ತದೆ.

ನನ್ನ ಪ್ರಶ್ನೆ ಇಷ್ಟೇ. ಇಂಥ ತಂಡವನ್ನು ದೊಡ್ಡದೆಂದು ಕರೆಯಲು ಮುಂದೆ ನಿಂತ ಒಂದು ದನಿ ಸಾಕೇ? ಅಥವಾ ಬೇರೇನಾದರೂ ಅಳತೆಗೋಲಿದೆಯೇ? ಕೊನೆಗೆ ಇದೆಲ್ಲವೂ ಅವರವರ ಅಭಿರುಚಿ ಎಂದು ಕೈತೊಳೆದುಕೊಳ್ಳುವ ಉತ್ತರ ಮಾತ್ರ ನನಗೆ ಬೇಡ.

ಹಳೆಯ ತಟ್ಟೆ:

ನೀವು ಸ್ಯಾಮ್ ಕುಕ್ ಅವರನ್ನು ಕೇಳಿದ್ದೀರಿ, ಸೋಲ್ ಸ್ಟಿರರ್ಸ್ ತಂಡವನ್ನು ಇನ್ನೂ ಕೇಳಿಲ್ಲ ಎಂದು ಹೇಳುವ ಧೈರ್ಯ ಮಾಡುತ್ತೇನೆ. ಟೆಕ್ಸಾಸ್‌ನಲ್ಲಿ ಹುಟ್ಟಿ ಷಿಕಾಗೊದಲ್ಲಿ ನೆಲೆನಿಂತ ಈ ತಂಡಕ್ಕೆ ಆಕಾರ ಕೊಟ್ಟವರು ಕುಕ್ ಬರುವುದಕ್ಕೂ ಮೊದಲಿದ್ದ ರೆಬರ್ಟ್ ಹ್ಯಾರಿಸ್. ಇಬ್ಬರು ಮುಖ್ಯ ಗಾಯಕರು ಒಂದೇ ಹಾಡನ್ನು ಕೈಯಿಂದ ಕೈಗೆ ದಾಟಿಸುವ ಪದ್ಧತಿಯನ್ನು ಬೆಳೆಸಿದ್ದು ಈ ತಂಡವೇ. ಮುಂದೆ ಯಾರು ಹಾಡುತ್ತಿದ್ದರೂ ಹಿಂದೆ ನಾಲ್ಕು ದನಿಗಳ ಗೋಡೆ ಬಿರುಕು ಬಿಡದೆ ನಿಲ್ಲಲಿ ಎಂಬುದೇ ಅದರ ಉದ್ದೇಶವಾಗಿತ್ತು. 1950ರಲ್ಲಿ ಹ್ಯಾರಿಸ್ ತಂಡ ಬಿಟ್ಟರು. ಅಂಥವರ ಜಾಗದಲ್ಲಿ ಹತ್ತೊಂಬತ್ತರ ಹುಡುಗನೊಬ್ಬನನ್ನು ನಿಲ್ಲಿಸಿದರೆ ಬೇರೆ ತಂಡವಾಗಿದ್ದರೆ ಕುಸಿಯುತ್ತಿತ್ತು. ಇವರು ಕುಸಿಯಲಿಲ್ಲ, 1951ರ ಮಾರ್ಚ್‌ನಲ್ಲಿ ಹೊಸ ಹುಡುಗನೊಂದಿಗೆ ಧ್ವನಿಮುದ್ರಣಕ್ಕೆ ಹೋಗಿ ಗೆದ್ದು ಬಂದರು. 1957ರಲ್ಲಿ ಕುಕ್ ಹೊರಟಾಗ ಜಾನಿ ಟೇಲರ್ ಬಂದರು, ತಂಡ ಆಗಲೂ ತನ್ನ ದನಿಯನ್ನು ಕಳೆದುಕೊಳ್ಳಲಿಲ್ಲ.

ಆದ್ದರಿಂದ ನನ್ನ ಅಳತೆಗೋಲು ಇದು: ಮುಂದಿನ ಗಾಯಕ ಬದಲಾದ ಮೇಲೂ ಕಣ್ಣು ಮುಚ್ಚಿ ಕೇಳಿ ಇದು ಇಂಥದೇ ತಂಡ ಎಂದು ಗುರುತಿಸಲು ಸಾಧ್ಯವಾದರೆ ಅದು ದೊಡ್ಡ ತಂಡ. ಜೀಟರ್ 1960ರ ದಶಕದ ನಡುವೆ ಬೋಧಕರಾಗಲು ಹೊರಟುಹೋದ ನಂತರದ ಸ್ವಾನ್ ಸಿಲ್ವರ್‌ಟೋನ್ಸ್ ಧ್ವನಿಮುದ್ರಿಕೆಗಳನ್ನು ನೀವು ಎಷ್ಟು ಬಾರಿ ಕೇಳುತ್ತೀರಿ ಎಂದು ಪ್ರಾಮಾಣಿಕವಾಗಿ ಹೇಳಿ.

ಹೊಸ ಕಿವಿ:

ಕ್ವಾರ್ಟೆಟ್ ಎಂದರೆ ನಾಲ್ವರು ಎಂದು ತಿಳಿದಿದ್ದೆ. ಚಿತ್ರಗಳಲ್ಲಿ ಐದಾರು ಜನ ನಿಂತಿರುತ್ತಾರಲ್ಲ?

ಹಳೆಯ ತಟ್ಟೆ:

ಇಲ್ಲಿ ನಾಲ್ಕು ಎಂಬುದು ತಲೆಗಳ ಲೆಕ್ಕಕ್ಕಿಂತ ದನಿಯ ಎಳೆಗಳ ಲೆಕ್ಕ. ಎತ್ತರದ ಟೆನರ್, ನಡುವಿನ ಬ್ಯಾರಿಟೋನ್, ತಳದ ಬಾಸ್ ಮತ್ತು ಮುಖ್ಯ ದನಿ ಎಂಬ ನಾಲ್ಕು ಎಳೆಗಳಿರಬೇಕು. ಎರಡನೆಯ ಮುಖ್ಯ ಗಾಯಕ ಬಂದಾಗ ಜನ ಐದಾದರು, ಗಿಟಾರು ಬಂದಾಗ ಆರಾದರು, ಹೆಸರು ಮಾತ್ರ ಹಾಗೆಯೇ ಉಳಿಯಿತು.

ಬಲ್ಮಠದ ಬಾಸ್:

ನಾನು ಮಂಗಳೂರಿನವನು, ನಮ್ಮ ಸಭೆಯ ಗಾಯನ ತಂಡದಲ್ಲಿ ಇಪ್ಪತ್ತು ವರ್ಷಗಳಿಂದ ಬಾಸ್ ಹಾಡುತ್ತಿದ್ದೇನೆ. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಕೀರ್ತನೆಗಳ ಜೊತೆಗೆ ನಾಲ್ಕು ದನಿಗಳಲ್ಲಿ ಹಾಡುವ ಅಭ್ಯಾಸವನ್ನೂ ತಂದರು. ಹಾಗಾಗಿ ನಾಲ್ಕು ದನಿ ಎಂಬುದು ನಮಗೆ ಪರದೇಶದ ಸುದ್ದಿಯಾಗಿ ಕೇಳಿಸುವುದಿಲ್ಲ. ಅಮೆರಿಕದ ಕ್ವಾರ್ಟೆಟ್‌ಗಳ ಸಂಗೀತ ಇದಕ್ಕಿಂತ ತೀರ ಬೇರೆಯದು ಎಂಬುದು ಗೊತ್ತಿದ್ದರೂ ಹಿಂದೆ ನಿಂತು ಹಾಡುವವನ ಪಾಡು ಎರಡೂ ಕಡೆ ಒಂದೇ ಎಂದು ನಂಬಿದ್ದೇನೆ.

ಒಂದು ವರ್ಷ ಕ್ರಿಸ್‌ಮಸ್‌ಗೆ ಮುಂಚಿನ ಅಭ್ಯಾಸದ ಹೊತ್ತಿನಲ್ಲಿ ವಿದ್ಯುತ್ ಹೋಯಿತು. ಮೈಕೂ ಇಲ್ಲ, ಕೀಬೋರ್ಡೂ ಇಲ್ಲ, ಕೈಯಲ್ಲಿದ್ದ ಪುಸ್ತಕವೂ ಕಾಣದು. ಹಾಡಿನ ಎರಡನೆಯ ಚರಣದ ನಡುವೆ ಇದ್ದೆವು. ಯಾರೂ ನಿಲ್ಲಿಸಲಿಲ್ಲ. ಕತ್ತಲಲ್ಲಿ ಪಕ್ಕದವನ ಉಸಿರು ಕೇಳಿಸತೊಡಗಿತು. ಟೆನರ್‌ನವನು ಸಾಲಿನ ಕೊನೆಯಲ್ಲಿ ದನಿಯನ್ನು ಎಲ್ಲಿ ಇಳಿಸುತ್ತಾನೆಂದು ತಿಳಿಯಲು ನಾನು ನನ್ನ ದನಿಯನ್ನು ತಗ್ಗಿಸಲೇಬೇಕಾಯಿತು. ನಾನು ತಗ್ಗಿಸಿದ್ದನ್ನು ಕೇಳಿ ಅವನೂ ತಗ್ಗಿಸಿದ. ಚರಣ ಮುಗಿಯುವ ಹೊತ್ತಿಗೆ ಹನ್ನೆರಡು ಜನ ಒಂದೇ ಗಂಟಲಿನಿಂದ ಹಾಡುತ್ತಿದ್ದಂತಿತ್ತು. ದೀಪ ಬಂದ ಮೇಲೆ ಅದೇ ಹಾಡನ್ನು ಮೂರು ಸಲ ಹಾಡಿದೆವು, ಆ ಬೆಸುಗೆ ಮತ್ತೆ ಕೂಡಿಬರಲಿಲ್ಲ.

ಅಲಬಾಮಾದ ಬರ್ಮಿಂಗ್‌ಹ್ಯಾಮ್ ಮತ್ತು ಬೆಸೆಮರ್ ಸುತ್ತಮುತ್ತ ಉಕ್ಕಿನ ಕಾರ್ಖಾನೆಗಳಲ್ಲೂ ಗಣಿಗಳಲ್ಲೂ ದುಡಿಯುತ್ತಿದ್ದವರ ನಡುವೆ ಕ್ವಾರ್ಟೆಟ್ ತರಬೇತುದಾರರೆಂಬ ಒಂದು ವರ್ಗವೇ ಇತ್ತು, ಚಾರ್ಲ್ಸ್ ಬ್ರಿಜಸ್ ಅವರಲ್ಲಿ ಹೆಸರಾದವರು. ಒಂದು ದನಿ ಇನ್ನೊಂದನ್ನು ಮೀರಿ ಎದ್ದರೆ ಅದನ್ನು ತಪ್ಪೆಂದೇ ಎಣಿಸುವ ಶಿಸ್ತು ಅವರದು. ಇಪ್ಪತ್ತರ ದಶಕದ ಆ ಊರಿನ ಧ್ವನಿಮುದ್ರಿಕೆಗಳಲ್ಲಿ ಗೀರುಗಳ ಹಿಂದೆ ಕೇಳಿಸುವ ಬೆಸುಗೆಯ ಮುಂದೆ, ಮುಂದಿನ ದನಿಯೊಂದನ್ನೇ ಕೊಂಡಾಡುವ ಮಾತುಗಳು ನನಗೆ ಹಗುರವಾಗಿ ಕಾಣುತ್ತವೆ.

ನೆರವಲ್:

ಬೆಸುಗೆಯೇ ಎಲ್ಲವೂ ಆದರೆ ಕಾಲೇಜಿನ ಒಂದು ಒಳ್ಳೆಯ ಕಾಯರ್ ತಂಡಕ್ಕೂ ಈ ಕ್ವಾರ್ಟೆಟ್‌ಗಳಿಗೂ ಏನು ವ್ಯತ್ಯಾಸ? ಒಂದರ ಮೇಲೊಂದು ದನಿ ಕೂಡಿಸಿದ ಮಾತ್ರಕ್ಕೆ ಮೈ ಬೆವರುವುದಿಲ್ಲ. ನನ್ನನ್ನು ಹಿಡಿದಿಡುವುದು ಹಾಡಿನ ಕೊನೆಯ ಭಾಗ, ಅವರು ಡ್ರೈವ್ ಎನ್ನುವುದು. ಕಥೆ ಮುಗಿದಿರುತ್ತದೆ, ಹಿಂದಿನವರು ಎರಡು ಮೂರು ಪದಗಳ ಒಂದು ತುಣುಕನ್ನು ಹಿಡಿದು ಲಯ ಬಿಡದೆ ಸುತ್ತುತ್ತಾರೆ, ಮುಂದಿನವರು ಅದರ ಮೇಲೆ ಆ ಗಳಿಗೆಯಲ್ಲಿ ಹೊಳೆದದ್ದನ್ನು ಹಾಡುತ್ತಾರೆ. ಕರ್ನಾಟಕ ಸಂಗೀತದಲ್ಲಿ ಒಂದೇ ಸಾಲನ್ನು ಹಿಡಿದು ನೆರವಲ್ ಮಾಡುವುದನ್ನು ಕೇಳಿ ಬೆಳೆದ ನನಗೆ ಈ ಭಾಗ ಮೊದಲ ಸಲಕ್ಕೇ ಮನೆಯಂತೆ ಅನ್ನಿಸಿತು. ಹೋಲಿಕೆ ಒಂದು ಹಂತದವರೆಗೆ ಮಾತ್ರ ಸರಿ: ನೆರವಲ್‌ನಲ್ಲಿ ಸಾಹಿತ್ಯ ಬದಲಾಗುವುದಿಲ್ಲ, ಇಲ್ಲಿ ಪದಗಳೇ ಹೊಸದಾಗಿ ಹುಟ್ಟುತ್ತವೆ.

ಜೀಟರ್ ವಿಷಯಕ್ಕೆ ಬಂದರೆ, 1959ರ ‘ಮೇರಿ ಡೋಂಟ್ ಯು ವೀಪ್’ ಧ್ವನಿಮುದ್ರಣದಲ್ಲಿ ಅವರು ಹಾಗೆ ಸೇರಿಸಿದ, ಆಳವಾದ ನೀರಿನ ಮೇಲೆ ಸೇತುವೆಯಾಗುವೆನೆಂಬ ಸಾಲೇ ಪಾಲ್ ಸೈಮನ್ ಅವರ 1970ರ ಜಗತ್ಪ್ರಸಿದ್ಧ ‘ಬ್ರಿಜ್ ಓವರ್ ಟ್ರಬಲ್ಡ್ ವಾಟರ್’ ಹಾಡಿಗೆ ಬೀಜವಾಯಿತು. ಆ ಸಾಲು ಹುಟ್ಟಿದ್ದು ಹಿಂದಿನವರು ಮೇರಿಯನ್ನು ಕರೆಯುತ್ತಾ ಸುತ್ತುತ್ತಿರುವಾಗ. ಒಂಟಿಯಾಗಿ ಹಾಡಿದ್ದರೆ ಜೀಟರ್ ಅವರಿಗೆ ಆ ಬಿಡುವೇ ಸಿಗುತ್ತಿರಲಿಲ್ಲ.

ಅಟ್ಲಾಂಟಾದಿಂದ:

ನೀವೆಲ್ಲರೂ ಧ್ವನಿಮುದ್ರಿಕೆಗಳ ಬಗ್ಗೆ ಮಾತನಾಡುತ್ತಿದ್ದೀರಿ. ನಾನು ಒಂಬತ್ತು ವರ್ಷಗಳಿಂದ ಇಲ್ಲಿದ್ದೇನೆ, ಸಹೋದ್ಯೋಗಿಯೊಬ್ಬರ ಒತ್ತಾಯಕ್ಕೆ ಕ್ವಾರ್ಟೆಟ್ ತಂಡವೊಂದರ ವಾರ್ಷಿಕೋತ್ಸವಕ್ಕೆ ಹೋಗಿದ್ದೆ. ಊರಿನ ಸಣ್ಣ ಬ್ಯಾಪ್ಟಿಸ್ಟ್ ದೇವಾಲಯ, ಏಳು ತಂಡಗಳು, ಯಾವುದೂ ಹೊರಗೆ ಹೆಸರಾದುದಲ್ಲ. ಐದನೆಯದಾಗಿ ಬಂದ ತಂಡದ ಬಾಸ್ ಗಾಯಕರಿಗೆ ಎಂಬತ್ತು ದಾಟಿರಬೇಕು, ಮಂಡಿನೋವಿನಿಂದಾಗಿ ಕುರ್ಚಿ ಹಾಕಿ ಕೂರಿಸಿದ್ದರು. ಮುಖ್ಯ ಗಾಯಕ ಹಾಡುತ್ತಾ ಹಾಡುತ್ತಾ ಮೈಕಿನ ತಂತಿ ಮುಗಿದಲ್ಲಿ ಮೈಕನ್ನು ನೆಲಕ್ಕಿಟ್ಟು ಬೆಂಚುಗಳ ನಡುವೆ ನಡೆದುಬಂದರು. ಹಿಂದಿನವರು ಒಂದೇ ಸಾಲನ್ನು ಹತ್ತು ನಿಮಿಷವಾದರೂ ಹಾಡಿರಬೇಕು. ನನ್ನ ಮುಂದಿನ ಬೆಂಚಿನಲ್ಲಿದ್ದ ವೃದ್ಧೆಯೊಬ್ಬರು ಎದ್ದುನಿಂತು ಎರಡೂ ಕೈಗಳನ್ನು ಮೇಲೆತ್ತಿ ಅಳತೊಡಗಿದರು. ಬಿಳಿ ಉಡುಪಿನ ಸೇವಕಿಯೊಬ್ಬರು ಹತ್ತಿರ ಬಂದು ಬೀಸಣಿಗೆಯಿಂದ ಗಾಳಿ ಹಾಕಿದರು. ಮುಖ್ಯ ಗಾಯಕ ಆ ವೃದ್ಧೆಯ ಎದುರು ನಿಂತು, ಜೋರು ದನಿಯನ್ನು ಪೂರ್ತಿ ಬಿಟ್ಟು, ಪಿಸುಮಾತಿನಂತೆ ಹಾಡಿದರು. ಕುರ್ಚಿಯ ಮೇಲಿದ್ದ ಬಾಸ್ ಅದನ್ನು ಕಂಡು ಕೈ ಸನ್ನೆಯಿಂದ ಡ್ರಮ್ ನಿಲ್ಲಿಸಿದರು.

ಡಿಕ್ಸಿ ಹಮ್ಮಿಂಗ್‌ಬರ್ಡ್ಸ್‌ನ ಐರಾ ಟಕರ್ ವೇದಿಕೆಯಿಂದ ಜಿಗಿದು ಜನರ ನಡುವೆ ಓಡುತ್ತಿದ್ದರು, ಮಿಸಿಸಿಪಿಯ ಫೈವ್ ಬ್ಲೈಂಡ್ ಬಾಯ್ಸ್‌ನ ಆರ್ಚಿ ಬ್ರೌನ್‌ಲೀ ಅವರ ಕೂಗಿಗೆ ಜನ ಪ್ರಜ್ಞೆ ತಪ್ಪುತ್ತಿದ್ದರು ಎಂದು ಓದಿದಾಗ ಮೊದಲು ಅತಿಶಯೋಕ್ತಿ ಅನ್ನಿಸಿತ್ತು, ಆ ಸಂಜೆಯ ನಂತರ ಅನ್ನಿಸಲಿಲ್ಲ. ಈ ಸಂಗೀತ ಆರಾಧನೆಗಾಗಿ ಹುಟ್ಟಿದ್ದು. ತಂಡ ದೊಡ್ಡದೋ ಅಲ್ಲವೋ ಎಂಬುದನ್ನು ನಿರ್ಧರಿಸುವ ಹಕ್ಕು ಆ ಬೆಂಚಿನ ವೃದ್ಧೆಗಿದೆ, ಇಯರ್‌ಫೋನ್ ಹಾಕಿಕೊಂಡ ನಮಗಿಲ್ಲ.

ತಾರಷಡ್ಜ:

ಈ ಮಾತು ನನಗೆ ನೋವುಂಟುಮಾಡುತ್ತದೆ. ನಾನು ಕ್ರೈಸ್ತನಲ್ಲ, ಯಾವ ದೇವರನ್ನೂ ಗಟ್ಟಿಯಾಗಿ ನಂಬಿದವನೂ ಅಲ್ಲ. ತಂದೆ ತೀರಿಕೊಂಡ ವಾರ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ನಾನು ಕೇಳಿದ್ದು ಜೀಟರ್ ಅವರನ್ನೇ, ಬೇರೆ ಯಾವುದನ್ನೂ ಕೇಳಲಾಗಲಿಲ್ಲ. ಆ ಕೇಳುವಿಕೆಗೆ ಬೆಲೆಯಿಲ್ಲವೆಂದರೆ ಒಪ್ಪುವುದು ಕಷ್ಟ.

ಬಲ್ಮಠದ ಬಾಸ್:

ನಂಬುವವನಾಗಿ ಹೇಳುತ್ತೇನೆ, ನಿಮ್ಮ ಕಿವಿಗೆ ಪೂರ್ಣ ಹಕ್ಕಿದೆ. ಮಲ್ಲಿಕಾರ್ಜುನ ಮನ್ಸೂರರ ವಚನ ಗಾಯನವನ್ನು ನಾನು ಕೇಳುವಾಗ ನನ್ನ ಕೊರಳಲ್ಲಿ ಲಿಂಗವಿದೆಯೇ ಎಂದು ಯಾರೂ ವಿಚಾರಿಸಿಲ್ಲ. ಹಾಗೆಂದು ಅಟ್ಲಾಂಟಾದವರ ಮಾತನ್ನೂ ತಳ್ಳಿಹಾಕಲಾರೆ. ಹಾಡುವವರು ನಂಬಿ ಹಾಡುತ್ತಿದ್ದಾರೋ ಇಲ್ಲವೋ ಎಂಬುದು ದನಿಯಲ್ಲಿ ತಿಳಿಯುತ್ತದೆ. ಕೇಳುವವರು ನಂಬಬೇಕೆಂಬ ನಿಯಮ ಮಾತ್ರ ಇಲ್ಲ.

ಅಟ್ಲಾಂಟಾದಿಂದ:

ನೋಯಿಸುವ ಉದ್ದೇಶ ನನಗಿರಲಿಲ್ಲ, ಕ್ಷಮಿಸಿ. ಹಕ್ಕಿಲ್ಲ ಎಂಬ ಪದವನ್ನು ಹಿಂತೆಗೆದುಕೊಳ್ಳುತ್ತೇನೆ. ಮೊದಲ ಹಕ್ಕು ಆ ವೃದ್ಧೆಯದು ಎಂಬುದನ್ನು ಮಾತ್ರ ಉಳಿಸಿಕೊಳ್ಳುತ್ತೇನೆ.

ಸಂಜೆಮಲ್ಲಿಗೆ:

ಇಷ್ಟು ಹೊತ್ತು ಓದಿದೆ, ಒಬ್ಬ ಹೆಂಗಸಿನ ಹೆಸರೂ ಬರಲಿಲ್ಲ. ಇದು ಮರೆವಿನಿಂದ ಆದದ್ದೆಂದು ತಿಳಿಯುತ್ತೇನೆ, ಆದರೂ ಈ ಮರೆವು ವಾದವನ್ನೇ ಓರೆಯಾಗಿಸಿದೆ. ಹೆಂಗಸರ ತಂಡಗಳಲ್ಲಿ ಸಾಮಾನ್ಯವಾಗಿ ಬಾಸ್ ದನಿಯೇ ಇರುತ್ತಿರಲಿಲ್ಲ, ತಳಪಾಯವನ್ನು ಪಿಯಾನೊ ಹೊರುತ್ತಿತ್ತು. ಬಾಸ್ ಮತ್ತು ಬೆಸುಗೆಯ ಮೇಲೆ ಕಟ್ಟಿದ ನಿಮ್ಮ ಅಳತೆಗೋಲನ್ನು ಹಿಡಿದರೆ ವಾರ್ಡ್ ಸಿಂಗರ್ಸ್ ಸಣ್ಣ ತಂಡವಾಗಿಬಿಡುತ್ತದೆ. ಆ ತಂಡದ ಮೇರಿಯನ್ ವಿಲಿಯಮ್ಸ್ ಎತ್ತರದಲ್ಲಿ ಹಾಕುತ್ತಿದ್ದ ಆ ಕೇಕೆಯನ್ನು ತಾನು ಅವರಿಂದಲೇ ಕಲಿತದ್ದೆಂದು ರಾಕ್ ಗಾಯಕ ಲಿಟಲ್ ರಿಚರ್ಡ್ ಹೇಳಿಕೊಂಡಿದ್ದಾರೆ; 1993ರಲ್ಲಿ ಮೇರಿಯನ್ ಅವರಿಗೆ ಅಮೆರಿಕದ ಪ್ರತಿಷ್ಠಿತ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಬರ್ಮಿಂಗ್‌ಹ್ಯಾಮ್‌ನ ಗಾಸ್ಪೆಲ್ ಹಾರ್ಮೊನೆಟ್ಸ್ ತಂಡದ ಡೊರೊತಿ ಲವ್ ಕೋಟ್ಸ್ ಅವರ ದನಿ ಒರಟು, ಕೆಲವೊಮ್ಮೆ ಸ್ವರ ಹರಿದುಹೋದಂತೆಯೇ ಕೇಳಿಸುತ್ತದೆ. ನನಗೆ ಅವರಿಗಿಂತ ದೊಡ್ಡ ಗಾಯಕಿ ಇಲ್ಲ. ನುಣುಪಾದ ಬೆಸುಗೆಯನ್ನು ಅಳೆಯುವ ಕೋಲಿನಿಂದ ಅವರನ್ನು ಅಳೆಯಲಾಗದು.

ಹಳೆಯ ತಟ್ಟೆ:

ನಿಮ್ಮ ಆಕ್ಷೇಪಣೆ ನ್ಯಾಯವಾದದ್ದು. ಬಾಸ್ ಇರಲೇಬೇಕೆಂಬ ಮಾತನ್ನು ನಾನು ಹೇಳಿಲ್ಲವಾದರೂ ಗಂಡಸರ ತಂಡಗಳನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ನಿಜ. ಆದರೆ ಹಿಂದೆ ನಿಲ್ಲುವವರ ಬಗೆಗಿನ ನನ್ನ ಮೂಲ ಮಾತನ್ನು ಬಲಪಡಿಸುವುದು ಹೆಂಗಸರ ತಂಡವೇ. ಷಿಕಾಗೊದ ಕ್ಯಾರವಾನ್ಸ್ ತಂಡವನ್ನು ಕಟ್ಟಿದ ಆಲ್ಬರ್ಟಿನಾ ವಾಕರ್ ಅವರದು ಸೊಗಸಾದ ದನಿ, ಎಲ್ಲ ಹಾಡುಗಳನ್ನೂ ತಾವೇ ಮುಂದೆ ನಿಂತು ಹಾಡಬಹುದಿತ್ತು. ಅವರು ಮುಂದಿನ ಜಾಗವನ್ನು ಐನೆಜ್ ಆಂಡ್ರೂಸ್ ಅವರಿಗೂ 1958ರಲ್ಲಿ ಬಂದ ಷರ್ಲಿ ಸೀಸರ್ ಅವರಿಗೂ ಬಿಟ್ಟುಕೊಟ್ಟು, ತಾವು ಹಿಂದಕ್ಕೆ ಸರಿದು ದನಿ ಕೂಡಿಸಿದರು. ಮುಂದೆ ಸುವಾರ್ತಾ ಸಂಗೀತದಲ್ಲಿ ಹೆಸರಾದ ಜೇಮ್ಸ್ ಕ್ಲೀವ್‌ಲ್ಯಾಂಡ್ ಅವರೂ ಒಂದು ಕಾಲಕ್ಕೆ ಅದೇ ತಂಡದಲ್ಲಿ ಪಿಯಾನೊ ನುಡಿಸುತ್ತಿದ್ದರು. ಇಷ್ಟು ಜನ ಒಂದೇ ತಂಡದಿಂದ ಎದ್ದುಬಂದದ್ದು ವಾಕರ್ ಅವರ ಆ ಹಿಂಜರಿಯುವಿಕೆಯಿಂದ.

ಸಂಜೆಮಲ್ಲಿಗೆ:

ಹಿಂಜರಿಯುವಿಕೆ ಎನ್ನಬೇಡಿ, ಔದಾರ್ಯ ಎನ್ನಿ.

ಹಳೆಯ ತಟ್ಟೆ:

ತಿದ್ದಿಕೊಂಡೆ. ಔದಾರ್ಯವೇ ಸರಿಯಾದ ಪದ.

ಕಂಪಿಸುವ ತಂತಿ:

ಸ್ಟೇಪಲ್ ಸಿಂಗರ್ಸ್ ಅವರನ್ನು ಈ ಲೆಕ್ಕದಲ್ಲಿ ಎಲ್ಲಿಡುತ್ತೀರಿ? ತಂದೆ ಪಾಪ್ಸ್ ಸ್ಟೇಪಲ್ಸ್ ಮಿಸಿಸಿಪಿಯ ಹತ್ತಿ ತೋಟದಲ್ಲಿ ಬ್ಲೂಸ್ ಕೇಳಿ ಬೆಳೆದವರು, ಮಕ್ಕಳನ್ನು ಸುತ್ತ ಕೂರಿಸಿಕೊಂಡು ಷಿಕಾಗೊದ ಮನೆಯಲ್ಲೇ ದನಿ ಹಂಚಿಕೊಟ್ಟರು. 1956ರ ‘ಅನ್‌ಕ್ಲೌಡಿ ಡೇ’ ಕೇಳಿ. ಮೊದಲು ಬರುವುದು ನಡುಗುವ ಗಿಟಾರಿನ ದನಿ, ದೂರದ ಕೆರೆಯ ನೀರಿನ ಮೇಲೆ ಬೆಳಕು ಅಲುಗಿದಂತೆ. ಆಮೇಲೆ ಮೇವಿಸ್ ಅವರ ಕೆಳಸ್ಥಾಯಿ. ಆಗ ಅವರು ಹದಿಹರೆಯದ ಹುಡುಗಿ. ಅಷ್ಟು ಆಳದ ದನಿ ಆ ಹುಡುಗಿಯದೆಂದು ಕೇಳಿದವರು ನಂಬುತ್ತಿರಲಿಲ್ಲವಂತೆ. ಇಲ್ಲಿ ಯಾರನ್ನೂ ಬದಲಿಸಲಾಗದು: ಪಾಪ್ಸ್ ಅವರನ್ನು ತೆಗೆದರೆ ತಂಡವೇ ಇಲ್ಲ, ಮೇವಿಸ್ ಅವರನ್ನು ತೆಗೆದರೂ ಇಲ್ಲ. ಮುಂದಿನವರು ಬದಲಾದರೂ ಉಳಿಯುವುದೇ ದೊಡ್ಡ ತಂಡ ಎಂಬ ಪರೀಕ್ಷೆಯಲ್ಲಿ ಇವರು ಸೋಲುತ್ತಾರೆ, ಹಾಗಾಗಿ ತಪ್ಪಿರುವುದು ಪರೀಕ್ಷೆಯಲ್ಲಿ.

ನೆರವಲ್:

ಒಂದೇ ಮನೆಯವರ ದನಿಗಳಿಗೆ ಬೇರೆ ನ್ಯಾಯ ಬೇಕಾಗುತ್ತದೆ. ಸ್ವರಾಕ್ಷರಗಳನ್ನು ಉಚ್ಚರಿಸುವ ರೀತಿಯೇ ಒಂದಾಗಿರುವುದರಿಂದ ಹೊರಗಿನವರು ವರ್ಷಗಟ್ಟಲೆ ತಿಕ್ಕಿ ಪಡೆಯುವ ಬೆಸುಗೆ ಅವರಿಗೆ ಊಟದ ಮನೆಯಲ್ಲೇ ಸಿಕ್ಕಿರುತ್ತದೆ.

ಹೊಸ ಕಿವಿ:

ಸ್ಯಾಮ್ ಕುಕ್ ಹಣಕ್ಕಾಗಿ ದೇವರ ಹಾಡು ಬಿಟ್ಟರು ಎಂದು ಎಲ್ಲೋ ಓದಿದೆ. ಅದು ಅವರ ಹಳೆಯ ಹಾಡುಗಳ ಬೆಲೆಯನ್ನು ಕಡಿಮೆ ಮಾಡುವುದಿಲ್ಲವೇ?

ಅಟ್ಲಾಂಟಾದಿಂದ:

1956ರಲ್ಲಿ ಮೊದಲ ಲೌಕಿಕ ಹಾಡನ್ನು ಅವರು ಡೇಲ್ ಕುಕ್ ಎಂಬ ಹೆಸರಿನಲ್ಲಿ ಹೊರತಂದರು, ಅಂದರೆ ದೇವಾಲಯದ ಜನರ ಮನಸ್ಸು ನೋಯಬಾರದೆಂಬ ಅಳುಕು ಅವರಿಗಿತ್ತು. ಜನ ದನಿಯನ್ನು ಗುರುತಿಸಿಬಿಟ್ಟರು. ಇಲ್ಲಿನ ಹಿರಿಯರು ಆ ವಿಷಯವನ್ನು ಇಂದಿಗೂ ಮನೆಮಗ ಊರುಬಿಟ್ಟ ಕಥೆಯಂತೆ ಹೇಳುತ್ತಾರೆ, ಆದರೆ ಹಳೆಯ ಹಾಡು ಬಂದರೆ ಜೊತೆಗೆ ಹಾಡದೆ ಇರುವವರನ್ನು ನಾನು ಕಂಡಿಲ್ಲ.

ಬಲ್ಮಠದ ಬಾಸ್:

ತಾರಷಡ್ಜ ಅವರಿಗೆ ಒಂದು ಕೋರಿಕೆ. 1955ರ ಜುಲೈನಲ್ಲಿ ಲಾಸ್ ಏಂಜಲೀಸ್‌ನ ಶ್ರೈನ್ ಸಭಾಂಗಣದಲ್ಲಿ ನಡೆದ ಕಾರ್ಯಕ್ರಮದ ಧ್ವನಿಮುದ್ರಣ ಸಿಗುತ್ತದೆ, ಅದರಲ್ಲಿ ಸೋಲ್ ಸ್ಟಿರರ್ಸ್ ಇದ್ದಾರೆ. ಕುಕ್ ಅವರನ್ನು ಕೇಳಬೇಡಿ. ಅವರು ಎಷ್ಟೇ ಕರೆದರೂ ಅತ್ತ ಗಮನ ಕೊಡದೆ ಹಿಂದಿನ ದನಿಗಳನ್ನು ಮಾತ್ರ ಹಿಂಬಾಲಿಸಿ. ಆಮೇಲೆ ನಿಮ್ಮ ಪ್ರೀತಿಯ ಸ್ವಾನ್ ಸಿಲ್ವರ್‌ಟೋನ್ಸ್ ಅವರನ್ನೂ ಹಾಗೆಯೇ ಕೇಳಿ.

ತಾರಷಡ್ಜ:

ಮೂರು ರಾತ್ರಿ ತೆಗೆದುಕೊಂಡೆ, ಆದ್ದರಿಂದ ಉತ್ತರ ತಡವಾಯಿತು. ಶ್ರೈನ್ ಧ್ವನಿಮುದ್ರಣವನ್ನು ಮೊದಲೂ ಕೇಳಿದ್ದೆ, ಆದರೆ ಸಭಿಕರ ಚೀರಾಟದ ನಡುವೆ ಕುಕ್ ಅವರನ್ನು ಹುಡುಕುತ್ತಾ ಕೇಳಿದ್ದೆ. ಈ ಸಲ ಅವರನ್ನು ಬಿಟ್ಟು ಕೇಳಿದಾಗ ತಂಡದ ಇನ್ನೊಬ್ಬ ಮುಖ್ಯ ಗಾಯಕ ಪಾಲ್ ಫಾಸ್ಟರ್ ಸಿಕ್ಕರು. ಕುಕ್ ಅವರ ನಯವಾದ ದನಿ ಒಂದು ಸಾಲನ್ನು ಎತ್ತಿಕೊಟ್ಟ ಕೂಡಲೆ ಫಾಸ್ಟರ್ ತಮ್ಮ ಗಡಸು ದನಿಯಿಂದ ಅದನ್ನು ಹಿಡಿದು ನೂಕುತ್ತಾರೆ, ಕುಕ್ ಮತ್ತೆ ಮೇಲೇರಲು ಆ ನೂಕುವಿಕೆಯೇ ಬೇಕು. ನನಗೆ ತಣ್ಣಗೆ ಕಂಡಿದ್ದ ದನಿ ಅಲ್ಲಿ ತಣ್ಣಗಿಲ್ಲ. ಸ್ಟುಡಿಯೊದ ಎರಡೂವರೆ ನಿಮಿಷದ ಗ್ರಾಮಫೋನ್ ತಟ್ಟೆಗಳಿಂದ ಅವರನ್ನು ತೂಗಿ ನಾನು ತಪ್ಪು ಮಾಡಿದ್ದೆ ಎಂದು ಗೆಳೆಯನಿಗೆ ಫೋನು ಮಾಡಿ ಹೇಳಿದೆ.

ಸ್ವಾನ್ ಸಿಲ್ವರ್‌ಟೋನ್ಸ್ ವಿಷಯದಲ್ಲಿ ಆದದ್ದೇ ಬೇರೆ. ಜೀಟರ್ ಕಳ್ಳದನಿಗೆ ಏರುವ ಕ್ಷಣದಲ್ಲಿ ಹಿಂದಿನವರು ಏನು ಮಾಡುತ್ತಾರೆಂದು ಹನ್ನೆರಡು ವರ್ಷಗಳಲ್ಲಿ ಒಮ್ಮೆಯೂ ಗಮನಿಸಿರಲಿಲ್ಲ. ಅವರು ದನಿ ತಗ್ಗಿಸುತ್ತಾರೆ. ಪೂರ್ತಿ ನಿಲ್ಲಿಸುವುದಿಲ್ಲ, ಒಂದು ಕೂದಲೆಳೆಯಷ್ಟು ಹಿಂದೆ ಸರಿದು ಜಾಗ ಮಾಡಿಕೊಡುತ್ತಾರೆ, ಜೀಟರ್ ಇಳಿದುಬಂದ ಕೂಡಲೆ ಮುಂದೆ ಬಂದು ಹಿಡಿದುಕೊಳ್ಳುತ್ತಾರೆ. ಮೋಡಿ ಒಂಟಿ ಗಾಯಕನದೆಂದು ತಿಳಿದು ನಾನು ಮೈಮರೆಯುತ್ತಿದ್ದದ್ದು ಆ ಸರಿಯುವಿಕೆಗೆ.

ಹಳೆಯ ತಟ್ಟೆಯವರು ಕೇಳಿದ ಪ್ರಶ್ನೆಗೆ ಉತ್ತರ ಬಾಕಿಯಿದೆ. ಜೀಟರ್ ಹೋದ ನಂತರದ ಧ್ವನಿಮುದ್ರಿಕೆಗಳನ್ನು ನಾನು ಬಹುಮಟ್ಟಿಗೆ ಕೇಳುತ್ತಿರಲಿಲ್ಲ. ಈ ವಾರ ಕೇಳಿದೆ. ಲೂಯಿಸ್ ಜಾನ್ಸನ್ ಗಟ್ಟಿಯಾಗಿ ಹಾಡುತ್ತಾರೆ, ಹಿಂದಿನವರು ಚೆನ್ನಾಗಿಯೇ ಇದ್ದಾರೆ, ಆದರೆ ಸರಿದು ಕೊಡುವ ಆ ಜಾಗ ಖಾಲಿಯಾಗಿಯೇ ಉಳಿಯುತ್ತದೆ. ಆದರೂ ಯಾವ ತಂಡವನ್ನು ಮೊದಲು ಹಾಕುತ್ತೀರಿ ಎಂದು ನಾಳೆ ಕೇಳಿದರೆ ನನ್ನ ಕೈ ಜೀಟರ್ ಕಡೆಗೇ ಹೋಗುತ್ತದೆ.

ಸಂಜೆಮಲ್ಲಿಗೆ:

ನನ್ನ ಕೈ ಡೊರೊತಿ ಲವ್ ಕೋಟ್ಸ್ ಕಡೆಗೆ. ಅದೇ ಶ್ರೈನ್ ಧ್ವನಿಮುದ್ರಣದಲ್ಲಿ ಅವರೂ ಹಾಡಿದ್ದಾರೆ. ಈ ರಾತ್ರಿ ಅದನ್ನು ಕೇಳಿ, ನಾಳೆ ಇಲ್ಲಿ ಬರೆಯಿರಿ.